ಮೊದಲು ಬ್ರೇಕ್, ಆಮೇಲೆ ಗೇರ್
ಸುಂಟಿಕೊಪ್ಪದಿಂದ ಮಡಿಕೇರಿಗೆ ದಿನಾ ಸೈಕಲ್, ಮಳೆಗಾಲಕ್ಕೆ ಮುಂಚೆ ಗೇರ್ ಬದಲಿಸಲಾ, ಬ್ರೇಕಾ ಅಂತ ಕೇಳಿದ್ದೀರಿ. ಬ್ರೇಕೇ ಸಾರ್.

ನಿಮ್ಮದು ರಿಮ್ ಬ್ರೇಕ್, ಅಂದರೆ ಪ್ಯಾಡ್ ಚಕ್ರದ ಅಂಚನ್ನೇ (ರಿಮ್) ಹಿಡಿಯುವಂಥದ್ದು, ಅಲ್ವಾ? ರಿಮ್ಮಿನ ನೀರು ಒರೆಸಿ ಹೋಗುವವರೆಗೂ ಪ್ಯಾಡ್ ಸರಿಯಾಗಿ ಹಿಡಿಯುವುದಿಲ್ಲ. ಜುಲೈ ಮಳೆಯಲ್ಲಿ ಇಳಿಜಾರಿನಲ್ಲಿ ನನಗೆ ಒಮ್ಮೆ ಜೀವವೇ ಬಾಯಿಗೆ ಬಂದಿತ್ತು. ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಹಾಕಿಸಲು ಫ್ರೇಮ್, ಮುಂದಿನ ಚಕ್ರ ಹಿಡಿಯುವ ಫೋರ್ಕ್, ಚಕ್ರದ ನಡುವಿನ ಹಬ್ ಮೂರೂ ಅದಕ್ಕೆ ತಕ್ಕಂತಿರಬೇಕು. ಇಲ್ಲದಿದ್ದರೆ ಮಳೆಗೆಂದೇ ಮಾಡಿದ ಒಳ್ಳೆಯ ಪ್ಯಾಡ್, ಹೊಸ ಕೇಬಲ್ ಹಾಕಿಸಿ. ಅಷ್ಟಕ್ಕೇ ತುಂಬಾ ವ್ಯತ್ಯಾಸ ಗೊತ್ತಾಗುತ್ತದೆ.

ಗೇರ್‌ಗೆ ಜಾಸ್ತಿ ಸುರಿಯಬೇಡಿ. ಶಿಮಾನೋ ಕಂಪನಿಯ ಕ್ಲಾರಿಸ್ ಗೇರ್ ಸೆಟ್, ಹಿಂದೆ 8 ಸ್ಪೀಡ್ ಇರುವುದು, ಸಾಕು. ಏರಿಗೆ ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ 32 ಹಲ್ಲಿರಲಿ, ಮಂಡಿ ಉಳಿಯುತ್ತದೆ. ಕೆಸರು ಚೈನನ್ನು ಬೇಗ ಸವೆಸುತ್ತದೆ. ಚೈನ್ ಸವೆತ ಅಳೆಯುವ ಗೇಜ್ 0.75 (ಶೇಕಡಾ) ತೋರಿಸಿದ ಕೂಡಲೇ ಚೈನ್ ಬದಲಿಸಿ, ತಡಮಾಡಿದರೆ ಹಿಂದಿನ ಹಲ್ಲುಚಕ್ರಗಳ ಗುಂಪಾದ ಕ್ಯಾಸೆಟ್ಟೂ ಹಾಳಾಗುತ್ತದೆ.