ಸಂಪಾದಕರ ಉತ್ತರ: ನೂರ ಎಂಬತ್ತು ದಿನಗಳ ಲೆಕ್ಕ

ಫ್ರೀಮಾಂಟ್‌ನ ಓದುಗರೊಬ್ಬರ ಪತ್ರದ ಸಾರ: ಕ್ಯಾಲಿಫೋರ್ನಿಯಾದಲ್ಲಿ ಜನರೇ ಕಾನೂನು ಸೂಚಿಸಿ ಮತಕ್ಕೆ ಹಾಕಿಸುವ ಅರ್ಜಿಯೊಂದಕ್ಕಾಗಿ ಅವರು ಪ್ರತಿ ಶನಿವಾರ ದಿನಸಿ ಅಂಗಡಿಯ ಮುಂದೆ ನಿಂತು ಸಹಿ ಕೂಡಿಸಿದರು. ಗಡುವಿನೊಳಗೆ ಸಂಖ್ಯೆ ತುಂಬದೆ ಅರ್ಜಿ ಬಿದ್ದುಹೋಯಿತು. "ಜನರ ಹಕ್ಕಿಗೂ ಗಡುವೇ?" ಎಂದು ಕೇಳಿದ್ದಾರೆ.

ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಗಡುವೇ ಬೇಡ ಎಂಬ ಮಾತನ್ನು ನಾನು ಒಪ್ಪಲಾರೆ. ನಿಮ್ಮ ಪತ್ರದಲ್ಲೇ ಒಂದು ಚಿತ್ರವಿದೆ: ತರಕಾರಿ ಚೀಲ ಮೊಣಕೈಗೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಹಳೆಯ ಮನೆ ನಂಬರ್ ಬರೆದು, ಗೀಟು ಹಾಕಿ, ಪಕ್ಕದಲ್ಲಿ ಹೊಸದನ್ನು ಬರೆದರು ಎಂದು. ಕೌಂಟಿ (ಅಲ್ಲಿನ ಜಿಲ್ಲೆ) ಚುನಾವಣಾ ಕಚೇರಿಯವರು ಆ ವಿಳಾಸವನ್ನು ಮತದಾರರ ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ಪಟ್ಟಿಯಲ್ಲಿ ಇನ್ನೂ ಹಳೆಯ ಮನೆಯೇ ಇದ್ದರೆ ಆ ಸಹಿ ಲೆಕ್ಕಕ್ಕಿಲ್ಲ. ಜನ ಮನೆ ಬದಲಿಸುತ್ತಾರೆ, ಮನಸ್ಸು ಬದಲಿಸುತ್ತಾರೆ, ತೀರಿಕೊಳ್ಳುತ್ತಾರೆ. ಮೂರು ವರ್ಷದ ಹಿಂದಿನ ಸಹಿಯನ್ನು ಇಂದಿನ ಜನಮತ ಎನ್ನಲು ಬರುವುದಿಲ್ಲ.

ಆದರೆ ಎಷ್ಟು ದಿನ ಎಂಬಲ್ಲಿ ನಾನು ನಿಮ್ಮ ಪಕ್ಷ. 2026ರ ಚುನಾವಣೆಗೆ ಸಾಮಾನ್ಯ ಕಾನೂನಿನ ಪ್ರಸ್ತಾಪವೊಂದಕ್ಕೆ 5,46,651 ಸಹಿ ಬೇಕು, ಕೂಡಿಸಲು ಸಿಗುವುದು 180 ದಿನ. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು. ಸ್ವಿಟ್ಜರ್ಲೆಂಡಿನಲ್ಲಿ ಸಂವಿಧಾನವನ್ನೇ ತಿದ್ದಲು 1 ಲಕ್ಷ ಸಹಿ, 18 ತಿಂಗಳು. ದಿನಕ್ಕೆ ಇನ್ನೂರೂ ಆಗುವುದಿಲ್ಲ. ಕ್ಯಾಲಿಫೋರ್ನಿಯಾದ ಜನಸಂಖ್ಯೆ ಅವರ ನಾಲ್ಕು ಪಟ್ಟಿಗಿಂತ ತುಸು ಹೆಚ್ಚು, ವೇಗ ಮಾತ್ರ ಹದಿನಾರು ಪಟ್ಟು ಬೇಕು! ಈ ಓಟಕ್ಕೆ ನಿಮ್ಮಂಥ ಶನಿವಾರದ ಸ್ವಯಂಸೇವಕರು ಸಾಲುವುದಿಲ್ಲ; ಸಹಿಗಿಷ್ಟು ಎಂದು ಕೂಲಿ ಕೊಟ್ಟು ಆಳುಗಳನ್ನು ನಿಲ್ಲಿಸುವವರೇ ಗೆಲ್ಲುತ್ತಾರೆ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ. (ಸ್ವಿಸ್ಸರ 18 ತಿಂಗಳಲ್ಲಿ ಸಹಿಗಳಿಗೆ ಊರಾಡಳಿತದ ದೃಢೀಕರಣವೂ ಮುಗಿಯಬೇಕು, ನಿಮ್ಮಲ್ಲಿ ಪರಿಶೀಲನೆ ನಡೆಯುವುದು ಸಹಿ ಸಲ್ಲಿಸಿದ ಮೇಲೆ. ಆದರೂ ಅಂತರ ದೊಡ್ಡದೇ.) ಕೊರೊನಾ ಬಂದಾಗ ಸ್ವಿಸ್ ಸರ್ಕಾರ 2020ರ ಮಾರ್ಚ್ 21ರಿಂದ ಮೇ 31ರವರೆಗೆ ಈ ದಿನಗಣನೆಯನ್ನೇ ನಿಲ್ಲಿಸಿತ್ತು. ಬೀದಿಗೆ ಇಳಿಯಲಾಗದ ದಿನಗಳನ್ನು ಜನರ ಲೆಕ್ಕಕ್ಕೆ ಹಚ್ಚಲಿಲ್ಲ.

ಇನ್ನೊಂದು ಮಾತು: ಗಡುವು ಕಟ್ಟಿಹಾಕುವುದು ಜನರನ್ನಷ್ಟೇ ಅಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಖಾಸಗಿ ಮಾಹಿತಿ ರಕ್ಷಣೆಯ ಪ್ರಸ್ತಾಪಕ್ಕೆ ಆರು ಲಕ್ಷಕ್ಕೂ ಮಿಕ್ಕಿ ಸಹಿ ಸಲ್ಲಿಕೆಯಾಗಿತ್ತು. ಅದನ್ನು ಹಿಂತೆಗೆದುಕೊಳ್ಳಲು ಕೊನೆಯ ದಿನ ಜೂನ್ 28. ಅದೇ ದಿನ ಶಾಸನಸಭೆ ತಾನೇ ಕಾನೂನು ಪಾಸು ಮಾಡಿತು, ಗವರ್ನರ್ ಜೆರ್ರಿ ಬ್ರೌನ್ ಅಂಕಿತ ಹಾಕಿದರು, ಪ್ರಸ್ತಾಪ ವಾಪಸಾಯಿತು. ಶಾಸಕರ ತಲೆಯ ಮೇಲೂ ಆ ತಾರೀಖು ತೂಗುತ್ತಿತ್ತು. ನಮ್ಮ ಊರಲ್ಲಿ ತಹಶೀಲ್ದಾರರಿಗೆ ನೂರಾರು ಸಹಿಯ ಮನವಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬರುತ್ತೇವಲ್ಲ, ಅದನ್ನು ಕೊಡಲು ಗಡುವೂ ಇಲ್ಲ, ಅದನ್ನು ಜನರ ಮತಕ್ಕೆ ಹಾಕಲೇಬೇಕೆಂಬ ಕಟ್ಟೂ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಮೊದಲು 150 ದಿನವಿತ್ತು. 2014ರ ಕಾನೂನು ಅದನ್ನು 180 ಮಾಡಿತು. ಅಂದರೆ ಇನ್ನೂ ಹಿಗ್ಗಿಸಬಹುದು. ಒಂದು ವರ್ಷ ಕೊಡಿ ಎಂದು ನಿಮ್ಮ ಶಾಸಕರಿಗೆ ಬರೆಯಿರಿ. ಹಳೆಯ ಸಹಿಗಳು ಮರಳಿ ಉಪಯೋಗಕ್ಕೆ ಬರುವುದಿಲ್ಲ. 2,000 ಡಾಲರ್ ಕಟ್ಟಿ, ಅರ್ಜಿಗೆ ಸರ್ಕಾರದಿಂದ ಹೊಸ ಅಧಿಕೃತ ಶೀರ್ಷಿಕೆ ಪಡೆದು, ಮೊದಲಿನಿಂದ ಶುರುಮಾಡಬೇಕು. ಹಾಗೆ ಮತ್ತೆ ನಿಂತಿರಾದರೆ, ಪೆನ್ನು ಕೊಡುವ ಮೊದಲು ಪ್ರತಿಯೊಬ್ಬರನ್ನೂ ಕೇಳಿ: "ಈಚೆಗೆ ಮನೆ ಬದಲಾಯಿಸಿದ್ದೀರಾ?"

— ಸಂ.