ಓದುಗರ ಪ್ರಶ್ನೆ, ವೈದ್ಯರ ಉತ್ತರ: ಮಕ್ಕಳ ಐಸಿಯು ತಜ್ಞರಾಗುವ ದಾರಿ

ಪ್ರಶ್ನೆ: ನಾನು ಶಿರಸಿಯವಳು. ಕಾರವಾರದ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮಕ್ಕಳ ಐಸಿಯು ತಜ್ಞೆಯಾಗಬೇಕೆಂಬ ಆಸೆಯಿದೆ. ಎಂಬಿಬಿಎಸ್ ಆದ ಮೇಲೆ ನೇರವಾಗಿ ಆ ತರಬೇತಿಗೆ ಸೇರಬಹುದೇ? ಎಂಡಿ ಮುಗಿಸಿ ಊರಲ್ಲೇ ಕ್ಲಿನಿಕ್ ತೆರೆದರೆ ಸಾಲದೇ ಎಂದು ಮನೆಯವರು ಕೇಳುತ್ತಾರೆ.

ಉತ್ತರ: ನೇರವಾಗಿ ಸೇರಲು ಬರುವುದಿಲ್ಲ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್ ಮುಗಿದ ಬಳಿಕ ನೀಟ್ ಪಿಜಿ ಪ್ರವೇಶ ಪರೀಕ್ಷೆ ಬರೆದು, ಮಕ್ಕಳ ವೈದ್ಯಶಾಸ್ತ್ರದಲ್ಲಿ 3 ವರ್ಷದ ಎಂಡಿ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಮಾಡಬೇಕು. ಅದಾದ ಮೇಲೆ ನೀಟ್ ಎಸ್‌ಎಸ್ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಪೀಡಿಯಾಟ್ರಿಕ್ ಕ್ರಿಟಿಕಲ್ ಕೇರ್‌ನಲ್ಲಿ, ಅಂದರೆ ಮಕ್ಕಳ ತೀವ್ರ ನಿಗಾ ಚಿಕಿತ್ಸೆಯಲ್ಲಿ, ಇನ್ನೂ 3 ವರ್ಷದ ಡಿಎಂ ಅಥವಾ ಡಿಆರ್‌ಎನ್‌ಬಿ ಎಂಬ ಸೂಪರ್ ಸ್ಪೆಷಾಲಿಟಿ ಪದವಿ ಇರುತ್ತದೆ. ಚಂಡೀಗಢದ ಪಿಜಿಐಯಂಥ ಸಂಸ್ಥೆಗಳಿಗೆ ಐಎನ್‌ಐ ಎಸ್‌ಎಸ್ ಎಂಬ ಬೇರೆ ಪರೀಕ್ಷೆಯಿದೆ. ಎಲ್ಲಿಯೂ ತಡೆಯಾಗದಿದ್ದರೂ ಎಂಬಿಬಿಎಸ್ ಸೇರಿದಂದಿನಿಂದ ಹನ್ನೊಂದೂವರೆ ವರ್ಷ ಬೇಕು. ಅಂದರೆ ನಿಮಗೆ ಮೂವತ್ತರ ಆಸುಪಾಸು ಆಗಿರುತ್ತದೆ. ಇದನ್ನು ಮನೆಯವರಿಗೆ ಈಗಲೇ ಬಿಡಿಸಿ ಹೇಳುವುದು ಒಳ್ಳೆಯದು. ಮೊದಲ 28 ದಿನಗಳ ಹಸುಗೂಸುಗಳ ಚಿಕಿತ್ಸೆಗೆ ನಿಯೋನೇಟಾಲಜಿ ಎಂಬ ಪ್ರತ್ಯೇಕ ಡಿಎಂ ಇದೆ. ಅರ್ಜಿ ತುಂಬುವಾಗ ಎರಡನ್ನೂ ಒಂದೆಂದು ತಿಳಿಯಬೇಡಿ.

ಇಷ್ಟು ವರ್ಷ ಏಕೆ ಬೇಕು ಎಂಬುದು ಮಗುವಿನ ಮೈಯನ್ನು ಬಲ್ಲವರಿಗೆ ಅರ್ಥವಾಗುತ್ತದೆ. 7 ಕಿಲೋ ತೂಕದ ಕೂಸಿನ ದೇಹದಲ್ಲಿರುವ ರಕ್ತ, ಕಿಲೋಗೆ 80 ಮಿಲಿಲೀಟರ್‌ನಂತೆ ಲೆಕ್ಕ ಹಾಕಿದರೆ, ಅರ್ಧ ಲೀಟರ್‌ಗಿಂತ ತುಸು ಹೆಚ್ಚು ಮಾತ್ರ. ವಾಂತಿಭೇದಿಯಿಂದಲೋ ಸೋಂಕಿನಿಂದಲೋ ಆ ಕೂಸು ಶಾಕ್‌ಗೆ, ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿಗೆ, ಹೋಗುತ್ತಿರುವಾಗ ರಕ್ತದೊತ್ತಡ ಬಹಳ ಹೊತ್ತು ಸರಿಯಾಗಿಯೇ ಕಾಣಿಸುತ್ತದೆ. ಅದು ಕುಸಿಯುವಷ್ಟರಲ್ಲಿ ತಡವಾಗಿರುತ್ತದೆ. ಅದಕ್ಕೂ ಮೊದಲೇ ಎದೆಬಡಿತ ಏರಿರುತ್ತದೆ, ಅಂಗಾಲು ತಣ್ಣಗಾಗಿರುತ್ತದೆ, ಎದೆಯ ಮೇಲೆ ಬೆರಳಿನಿಂದ 5 ಸೆಕೆಂಡ್ ಒತ್ತಿ ಬಿಟ್ಟರೆ ಬಿಳಚಿದ ಚರ್ಮಕ್ಕೆ ಬಣ್ಣ ಮರಳಲು 3 ಸೆಕೆಂಡ್‌ಗಿಂತ ಹೆಚ್ಚು ಹಿಡಿಯುತ್ತದೆ. ಈ ಚಿಹ್ನೆಗಳನ್ನು ನಡುರಾತ್ರಿಯಲ್ಲಿ, ಅಳುವ ಮಗುವಿನ ಮೈಮೇಲೆ ಗುರುತಿಸುವ ಕಣ್ಣು ಪುಸ್ತಕ ಓದಿದರೆ ಬರುವುದಿಲ್ಲ. ಹನಿ ಹಾಕುವುದಕ್ಕೂ ವಿವೇಕ ಬೇಕು. ಕೀನ್ಯಾ, ಉಗಾಂಡಾ ಮತ್ತು ತಾಂಜಾನಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಫೀಸ್ಟ್ ಅಧ್ಯಯನದಲ್ಲಿ, ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ ಮಕ್ಕಳಿಗೆ ಒಮ್ಮೆಲೇ ಹೆಚ್ಚು ದ್ರವ ಕೊಟ್ಟಾಗ ಸಾವು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಅಂದಿನಿಂದ ಪ್ರತಿ ಬೋಲಸ್ (ಒಮ್ಮೆಲೇ ಕೊಡುವ ದ್ರವ) ಕೊಟ್ಟಾದ ಮೇಲೂ ಮಗುವಿನ ಯಕೃತ್ತು ಹಿಗ್ಗಿತೇ, ಉಸಿರಾಟ ಬಿಗಿಯಾಯಿತೇ ಎಂದು ಮುಟ್ಟಿ ನೋಡಿಯೇ ಮುಂದುವರಿಯಬೇಕೆಂದು ನಮ್ಮ ಕಿರಿಯರಿಗೆ ಒತ್ತಿ ಹೇಳುತ್ತೇವೆ.

ನಿಮಗೆ ನನ್ನ ಮುಖ್ಯ ಸಲಹೆ ಎಂಡಿ ಸೀಟಿನ ಆಯ್ಕೆಯ ಬಗ್ಗೆ. ಊರಿನ ಹೆಸರು ನೋಡಿ ಕಾಲೇಜು ಆರಿಸಬೇಡಿ. ಅಲ್ಲಿನ ಮಕ್ಕಳ ಐಸಿಯು ಹಗಲಿರುಳು ನಡೆಯುತ್ತದೆಯೇ, ಶ್ವಾಸನಾಳಕ್ಕೆ ಕೊಳವೆ ಹಾಕುವುದನ್ನು ಹಿರಿಯರು ಪಕ್ಕದಲ್ಲಿ ನಿಂತು ಕಲಿಸುತ್ತಾರೆಯೇ, ಮಗು ತೀರಿಕೊಂಡಾಗ ಏನು ನಡೆಯಿತೆಂದು ವಿಭಾಗದಲ್ಲಿ ಮುಕ್ತವಾಗಿ ಚರ್ಚಿಸುತ್ತಾರೆಯೇ ಎಂಬುದನ್ನು ಈಗ ಅಲ್ಲಿರುವ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಕೇಳಿ ತಿಳಿದುಕೊಳ್ಳಿ. ಎಂಡಿ ಮುಗಿಯುವ ಹೊತ್ತಿಗೆ ಈ ಕೆಲಸ ನಿಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ನಿಮಗೇ ತಿಳಿದಿರುತ್ತದೆ. ಒಗ್ಗದಿದ್ದರೆ ಊರಿನ ಕ್ಲಿನಿಕ್ ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಪ್ರಶ್ನೆ: ಕುಮಟಾದಲ್ಲಿ ಮಕ್ಕಳ ವೈದ್ಯನಾಗಿದ್ದೇನೆ, ಓದಿದ್ದು ಡಿಸಿಎಚ್, ಅಂದರೆ ಮಕ್ಕಳ ಆರೋಗ್ಯದ ಡಿಪ್ಲೊಮಾ. ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ಮಾಡಿದರೆ ಐಸಿಯು ತಜ್ಞನೆನಿಸಿಕೊಳ್ಳಬಹುದೇ?

ಉತ್ತರ: ವೃತ್ತಿಸಂಘಗಳು ನಡೆಸುವ ಅಂಥ ಕೋರ್ಸುಗಳಿಂದ ಕೈ ಪಳಗುತ್ತದೆ. ಆದರೆ ಅವು ಸೂಪರ್ ಸ್ಪೆಷಾಲಿಟಿ ಪದವಿಗೆ ಸಮನಲ್ಲ. ವೈದ್ಯಕೀಯ ಕಾಲೇಜಿನ ಆ ವಿಭಾಗದ ಬೋಧಕ ಹುದ್ದೆಗೂ ಸಾಲುವುದಿಲ್ಲ. ಪದವಿಯೇ ಬೇಕೆಂದರೆ, ಡಿಪ್ಲೊಮಾ ಮಾಡಿದವರಿಗಾಗಿ ಇರುವ ಪಿಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು 2 ವರ್ಷದ ಡಿಎನ್‌ಬಿ ಮುಗಿಸಿ, ಆಮೇಲೆ ನೀಟ್ ಎಸ್‌ಎಸ್‌ಗೆ ಹೋಗಬೇಕು.

ಪ್ರಶ್ನೆ: ಸಿದ್ದಾಪುರದ ಶಿಕ್ಷಕಿ ನಾನು. ಇಷ್ಟೆಲ್ಲ ಓದಿದವರು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬಂದರೆ ಅವರಿಗೆ ಇಲ್ಲಿ ಕೆಲಸವಿದೆಯೇ? ಮಗುವಿನ ಸ್ಥಿತಿ ಗಂಭೀರವೆಂದರೆ ಈಗಲೂ ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೇ ಓಡುತ್ತೇವಲ್ಲ.

ಉತ್ತರ: ಕೆಲಸ ಬೇಕಾದಷ್ಟಿದೆ. ಮಂಗನ ಕಾಯಿಲೆ, ಡೆಂಗಿ, ಹಾವು ಕಡಿತ, ಹೊಳೆಯಲ್ಲಿ ಮುಳುಗಿದ ಮಕ್ಕಳು, ಎಲ್ಲವೂ ನಮ್ಮ ಜಿಲ್ಲೆಯಲ್ಲಿವೆ. ಆದರೆ ತಜ್ಞರೊಬ್ಬರೇ ಬಂದರೆ ಐಸಿಯು ನಡೆಯುವುದಿಲ್ಲ. ವೆಂಟಿಲೇಟರ್‌ನಲ್ಲಿರುವ ಮಗುವಿಗೆ ಪ್ರತಿ ಪಾಳಿಯಲ್ಲೂ ತರಬೇತಾದ ಒಬ್ಬ ನರ್ಸ್ ಬೇಕು. ರಾತ್ರಿಯಲ್ಲೂ ತೆರೆದಿರುವ ಪ್ರಯೋಗಾಲಯ ಮತ್ತು ರಕ್ತನಿಧಿ ಬೇಕು. ಇವಿಲ್ಲದ ಕಡೆಗೆ ಡಿಎಂ ಓದಿದವರನ್ನು ಕರೆತಂದರೆ ಅವರು ಬಹುಕಾಲ ನಿಲ್ಲುವುದಿಲ್ಲ; ಅದು ಅವರ ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಕಟ್ಟುಹಾವು ಕಚ್ಚಿದ ಮಗುವನ್ನೇ ನೋಡಿ. ಅದರ ವಿಷ ಉಸಿರಾಟದ ಸ್ನಾಯುಗಳನ್ನು ಸೋಲಿಸುತ್ತದೆ. ಮಗು ಕಣ್ಣು ತೆರೆಯಲಾರದು, ಕೈಯಾಡಿಸಲಾರದು, ಆದರೂ ಮಿದುಳು ಎಚ್ಚರವಾಗಿರಬಹುದು. ಕೆಲವು ದಿನ ಯಂತ್ರ ಉಸಿರಾಡಿಸಿದರೆ ಬಹಳ ಸಲ ಆ ಮಗು ಪೂರ್ತಿ ಗುಣವಾಗಿ ಮನೆಗೆ ನಡೆದುಕೊಂಡು ಹೋಗುತ್ತದೆ. ಹಾವು ಚಿಮ್ಮಿಸುವ ವಿಷದ ಪ್ರಮಾಣ ಮಗುವೆಂದು ಕಡಿಮೆಯಾಗುವುದಿಲ್ಲವಾದ್ದರಿಂದ ಪ್ರತಿವಿಷವನ್ನು ದೊಡ್ಡವರಷ್ಟೇ ಕೊಡಬೇಕು. ಇದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಆರಂಭಿಸಬಹುದು. ಕಷ್ಟವಿರುವುದು ಅಲ್ಲಿಂದ ಮುಂದಿನ ಪ್ರಯಾಣದಲ್ಲಿ. ಪುಟ್ಟ ಮಗುವಿನ ಶ್ವಾಸನಾಳದಲ್ಲಿರುವ ಕೊಳವೆ ಒಂದು ಸೆಂಟಿಮೀಟರ್ ಸರಿದರೂ ಅದು ಒಂದೇ ಶ್ವಾಸಕೋಶಕ್ಕೆ ಇಳಿಯಬಹುದು ಅಥವಾ ಪೂರ್ತಿ ಹೊರಬರಬಹುದು. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ತಿರುವುಗಳಲ್ಲಿ, ಓಡುತ್ತಿರುವ ಆಂಬುಲೆನ್ಸ್‌ನಲ್ಲಿ ಅದನ್ನು ಗುರುತಿಸಿ ಮತ್ತೆ ಹಾಕಬಲ್ಲವರು ಜೊತೆಗಿರಬೇಕು. ಆದ್ದರಿಂದ ಜಿಲ್ಲೆಗೆ ಬರುವ ಮೊದಲ ತಜ್ಞರು ಹಾಸಿಗೆಗಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ಮುಂಚೆ, ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೂ ನರ್ಸ್‌ಗಳಿಗೂ ಆಂಬುಲೆನ್ಸ್ ಸಿಬ್ಬಂದಿಗೂ ಕೈಯಲ್ಲಿ ಹಿಡಿದ ಬ್ಯಾಗ್ ಮತ್ತು ಮಾಸ್ಕ್‌ನಿಂದ ಮಗುವನ್ನು ಉಸಿರಾಡಿಸುವುದನ್ನು ಕಲಿಸಬೇಕೆಂದು ನಾನು ಬಯಸುತ್ತೇನೆ. ಅದಕ್ಕೆ ದೊಡ್ಡ ಕಟ್ಟಡವೇನೂ ಬೇಡ. ಒಂದು ಗೊಂಬೆ, ಎರಡು ದಿನ, ಕೆಲವು ತಿಂಗಳಿಗೊಮ್ಮೆ ಮರು ಅಭ್ಯಾಸ ಸಾಕು.