‘ಆರಾಮ ಇದ್ದೀನಿ’ ಅನ್ನಬೇಡ, ತಂಗಿ

ತಂಗಿ, ನಿನ್ನ ಪ್ರಶ್ನೆ ಓದಿದೆ. ಗಂಡ ಅಮೆರಿಕದ ಟೆಕ್ಸಸ್‌ನಲ್ಲಿರುವ ಫೋರ್ಟ್ ಹುಡ್ ಸೇನಾ ನೆಲೆಯಲ್ಲಿ ಸೈನಿಕ. ನೀನು ಹಾಸನದಿಂದ ಬಂದು ಒಂದು ವರ್ಷ, ಮಗುವಿಗೆ ನಾಲ್ಕು ತಿಂಗಳು. ಸೊಂಟನೋವು ಬಿಡುತ್ತಿಲ್ಲ. ಪಕ್ಕದ ಮನೆಯವರು ‘ಕೈರೋಪ್ರ್ಯಾಕ್ಟರ್ ಹತ್ತಿರ ಹೋಗು, ಎರಡೇ ಸಲಕ್ಕೆ ಸರಿಹೋಗುತ್ತೆ’ ಅಂದಿದ್ದಾರೆ. ಕೈರೋಪ್ರ್ಯಾಕ್ಟರ್ ಅಂದರೆ ಬೆನ್ನುಮೂಳೆ, ಕೀಲು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು. ಹೋಗಬಹುದಾ, ಸೇನೆಯ ವಿಮೆ ಟ್ರೈಕೇರ್ ಅದಕ್ಕೆ ದುಡ್ಡು ಕೊಡುತ್ತದಾ ಅಂತ ಕೇಳಿದ್ದೀಯ. ಜೊತೆಗೆ ಕಾರು, ದಿನಸಿ, ಬಟ್ಟೆಯ ಬಗ್ಗೆಯೂ. ಕೊನೆಯಲ್ಲಿ ಒಂದು ಸಾಲು: ‘ಊರಲ್ಲಿ ಅಮ್ಮನಿಗೆ ಹೇಳಿಲ್ಲ ಅಕ್ಕ, ಸುಮ್ನೆ ಗಾಬರಿಯಾಗ್ತಾರೆ.’ ಆ ಸಾಲು ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಸಣ್ಣ ವಿಷಯ ಮೊದಲು ಮುಗಿಸುತ್ತೇನೆ. ಕಾರು ಕಲಿ, ಈ ತಿಂಗಳೇ ಶುರು ಮಾಡು. ತೊಗರಿಬೇಳೆ, ಹುಣಸೆಹಣ್ಣು ಆಸ್ಟಿನ್‌ನಲ್ಲಿ ಸಿಗುತ್ತೆ, ತಿಂಗಳಿಗೊಮ್ಮೆ ತಂದಿಟ್ಟುಕೊಂಡರೆ ಸಾಕು. ಬಟ್ಟೆಗೆ ಜಾಸ್ತಿ ಖರ್ಚು ಬೇಡ. ಅಲ್ಲಿ ಚಳಿಗಿಂತ ಬಿಸಿಲೇ ಕಷ್ಟ.

ಈಗ ಟ್ರೈಕೇರ್. ಕೈರೋಪ್ರ್ಯಾಕ್ಟರ್ ಹತ್ತಿರ ಹೋದರೆ ಕುಟುಂಬದವರಿಗೆ ಅದು ದುಡ್ಡು ಕೊಡುವುದಿಲ್ಲ. ಪೂರ್ತಿ ಖರ್ಚು ನಿನ್ನದೇ. 1995ರ ಹೊತ್ತಿಗೆ ಕೆಲವು ಸೇನಾ ಆಸ್ಪತ್ರೆಗಳಲ್ಲಿ ಪ್ರಯೋಗ ಅಂತ ಶುರುವಾದ ಸೌಲಭ್ಯ ಇದು. ಆಮೇಲೆ ಖಾಯಂ ಆಯಿತು, ಆದರೆ ಕೆಲಸದಲ್ಲಿರುವ ಸೈನಿಕರಿಗೆ ಮಾತ್ರ. ಅದೂ ಆಯ್ದ ಸೇನಾ ಆಸ್ಪತ್ರೆಗಳಲ್ಲಿ, ಅವರ ಡಾಕ್ಟರ್ ಬರೆದುಕೊಟ್ಟರೆ. ನಿವೃತ್ತಿಯಾದ ಮೇಲೆ ಸೈನಿಕನಿಗೂ ಟ್ರೈಕೇರ್‌ನಲ್ಲಿ ಇಲ್ಲ. ಅರ್ಹತೆ ಇದ್ದರೆ ಮಾಜಿ ಸೈನಿಕರ ಇಲಾಖೆ, ಅಂದರೆ ವಿಎ, ಕೊಡುತ್ತದೆ. ಹೆಂಡತಿ ಮಕ್ಕಳಿಗೆ ಸಿಗುವುದು ಫಿಸಿಯೋಥೆರಪಿ. ಅಲ್ಲಿ ಅದನ್ನು ಫಿಸಿಕಲ್ ಥೆರಪಿ ಅನ್ನುತ್ತಾರೆ. ನೀನು ಟ್ರೈಕೇರ್‌ನ ಪ್ರೈಮ್ ಅನ್ನುವ ಯೋಜನೆಯಲ್ಲಿದ್ದರೆ ನಿನ್ನ ಪಿಸಿಎಂ, ಅಂದರೆ ನಿನಗೆ ಅಂತ ಗೊತ್ತು ಮಾಡಿರುವ ಡಾಕ್ಟರ್, ರೆಫರಲ್, ಅಂದರೆ ಅಲ್ಲಿಗೆ ಕಳಿಸುವ ಚೀಟಿ, ಬರೆಯಬೇಕು. ಬರೆದರೆ ಕೈಯಿಂದ ಖರ್ಚಿಲ್ಲ.

ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದೆ ಅಂದುಕೊಂಡಿದ್ದೆ.

ನಾನು ಬೆಳಗಾವಿಯವಳು. ಅಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸುಬೇದಾರ್ ಆಗಿದ್ದರು. ಜ್ವರ ಬಂದರೂ ಹಲ್ಲು ನೋವಾದರೂ ಎಂ.ಎಚ್., ಅಂದರೆ ಮಿಲಿಟರಿ ಆಸ್ಪತ್ರೆಗೆ ಹೋಗಿ ಅಪ್ಪನ ನಂಬರ್ ಹೇಳಿದರೆ ಮುಗಿಯಿತು. ಅಜ್ಜಿಯನ್ನೂ ಅಲ್ಲೇ ನೋಡುತ್ತಿದ್ದರು. ಸೈನಿಕನ ಮನೆಯವರು ಅಂದರೆ ಸೇನೆಯ ಮಕ್ಕಳು ಅಂತಲೇ ಬೆಳೆದೆ. 2009ರಲ್ಲಿ ಅಮೆರಿಕದ ಸೇನೆ ಮಾವ್ನಿ ಅನ್ನುವ ಯೋಜನೆ ತಂದಿತ್ತು. ಗ್ರೀನ್ ಕಾರ್ಡ್ ಇಲ್ಲದಿದ್ದರೂ ಸೇನೆಗೆ ಬೇಕಾದ ಭಾಷೆ ಬಂದರೆ ಸೇರಬಹುದಿತ್ತು. ಹಿಂದಿ ಆ ಪಟ್ಟಿಯಲ್ಲಿತ್ತು. ಓದಲು ಹೋಗಿದ್ದ ನಮ್ಮ ಮನೆಯವರು ಹಾಗೆ ಸೇರಿದರು. 2011ರಲ್ಲಿ ಮದುವೆಯಾಗಿ ನಾನು ಫೋರ್ಟ್ ಹುಡ್ ಪಕ್ಕದ ಕಿಲೀನ್‌ಗೆ ಬಂದೆ. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಹೋದಾಗ ಅಪ್ಪನ ಕ್ವಾರ್ಟರ್ಸ್ ನೆನಪಾಗಿ ಹೆಮ್ಮೆಯಿಂದ ಕಣ್ಣು ತುಂಬಿತ್ತು. ಈಗಲೂ ಆ ಹೆಮ್ಮೆ ಹೋಗಿಲ್ಲ.

ಮಾರನೇ ವರ್ಷ ಅವರ ಬೆನ್ನು ಹಿಡಿದುಕೊಂಡಿತು. ಗುಂಡು ತಡೆಯುವ ಕವಚ, ಬೆನ್ನ ಮೇಲೆ ಮೂಟೆ, ಅದನ್ನು ಹೊತ್ತು ಮೈಲಿಗಟ್ಟಲೆ ನಡಿಗೆ. ಸೇನಾ ಆಸ್ಪತ್ರೆಯ ಕೈರೋಪ್ರ್ಯಾಕ್ಟರ್ ಆರು ವಾರ ನೋಡಿದರು. ಜೊತೆಗೆ ವ್ಯಾಯಾಮ. ನನ್ನ ಕಣ್ಣೆದುರಿಗೇ ಅವರು ನೆಟ್ಟಗೆ ನಿಂತರು. ಇದು ಅವರೊಬ್ಬರ ಅನುಭವ ಅಲ್ಲ. ಕೆಲಸದಲ್ಲಿದ್ದ 750 ಸೈನಿಕರ ಮೇಲೆ ಮೂರು ಸೇನಾ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆ ಕೈರೋಪ್ರ್ಯಾಕ್ಟಿಕ್ ಸೇರಿಸಿದವರಿಗೆ ಆರು ವಾರದಲ್ಲಿ ಸೊಂಟನೋವು ಉಳಿದವರಿಗಿಂತ ಜಾಸ್ತಿ ತಗ್ಗಿತ್ತು. ಅದಕ್ಕೇ ಈ ವಿದ್ಯೆ ಸುಳ್ಳು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ನಮ್ಮ ಮನೆಯವರ ಹಿಂದೆ ಒಬ್ಬ ಡಾಕ್ಟರ್ ಇದ್ದರು. ಮೊದಲು ಪರೀಕ್ಷೆ ಮಾಡಿ ಆಮೇಲೆ ಕಳಿಸಿದ್ದರು.

2013ರಲ್ಲಿ ಅವರು ಅಫ್ಘಾನಿಸ್ತಾನದಲ್ಲಿದ್ದಾಗ ಮಗಳು ಹುಟ್ಟಿದಳು. ಅವ್ವನಿಗೆ ವೀಸಾ ಸಿಗಲಿಲ್ಲ. ಬಾಣಂತನ ಅಂದರೆ ನಿನಗೆ ಬಿಡಿಸಿ ಹೇಳಬೇಕಿಲ್ಲ. ಎಣ್ಣೆ ತಿಕ್ಕುವವರಿಲ್ಲ, ಬಿಸಿನೀರು ಹಾಕುವವರಿಲ್ಲ, ಹೊರಸಿನ ಕೆಳಗೆ ಕೆಂಡ ಇಡುವವರಿಲ್ಲ. ಹತ್ತನೇ ದಿನಕ್ಕೆ ಮಗುವನ್ನು ಕಾರ್ ಸೀಟಿನ ಸಮೇತ ಎತ್ತಿಕೊಂಡು ಎರಡು ಮಹಡಿ ಹತ್ತಿದೆ. ಸೊಂಟ ಹಿಡಿಯಿತು.

ಗೇಟಿನ ಹೊರಗೆ ಒಂದು ಕ್ಲಿನಿಕ್ ಇತ್ತು. ಬಾಗಿಲಲ್ಲಿ ಬಾವುಟ, ‘ಸೈನಿಕ ಕುಟುಂಬಗಳಿಗೆ ಸ್ವಾಗತ’ ಅಂತ ಬೋರ್ಡು. ನನಗೆ ಅದು ಎಂ.ಎಚ್. ತರಹವೇ ಕಂಡಿತು. ಒಳಗಿದ್ದವರು ಬಿಳಿ ಕೋಟಿನಲ್ಲಿದ್ದರು, ಎಲ್ಲರೂ ಡಾಕ್ಟರ್ ಅಂತಲೇ ಕರೆಯುತ್ತಿದ್ದರು. ಅವರದು ಡಿಸಿ, ಅಂದರೆ ಡಾಕ್ಟರ್ ಆಫ್ ಕೈರೋಪ್ರ್ಯಾಕ್ಟಿಕ್ ಪದವಿ. ಲೈಸೆನ್ಸ್ ಇರುತ್ತದೆ, ವರ್ಷಗಟ್ಟಲೆ ಓದಿರುತ್ತಾರೆ, ಆದರೆ ವೈದ್ಯಕೀಯ ಓದಿದ ಎಂಡಿ ಅಲ್ಲ. 1895ರಲ್ಲಿ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಅನ್ನುವವರು ಶುರು ಮಾಡಿದ ಪ್ರತ್ಯೇಕ ಪದ್ಧತಿ ಅದು. ನನ್ನ ತಲೆಯಲ್ಲಿ ಇದ್ದದ್ದು ನಮ್ಮೂರಲ್ಲಿ ಉಳುಕು ತೆಗೆಯುತ್ತಿದ್ದ ಅಜ್ಜ. ಮಲಗಿಸಿ ಒತ್ತಿದಾಗ ಲಟಕ್ ಅಂತ ಸದ್ದು ಬಂತು, ಮೂಳೆ ಜಾಗಕ್ಕೆ ಕೂತಿತು ಅಂದುಕೊಂಡೆ. ಅದು ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಆಗುವ ಸದ್ದು ಅಂತ ತಿಳಿದದ್ದು ಬಹಳ ಆಮೇಲೆ.

24 ಸಲದ ಪ್ಯಾಕೇಜಿಗೆ 1,200 ಡಾಲರ್ ಮುಂಗಡ ಕಟ್ಟಿ ಸಹಿ ಹಾಕಿದೆ. ಟ್ರೈಕೇರ್ ವಾಪಸ್ ಕೊಡುತ್ತದೆ ಅಂತ ನಾನೇ ತೀರ್ಮಾನ ಮಾಡಿದ್ದೆ, ಯಾರನ್ನೂ ಕೇಳಲಿಲ್ಲ. ಕೊಡುವುದಿಲ್ಲ ಅಂತ ಕಾಗದ ಬಂತು. ದುಡ್ಡು ಹೋಯಿತಲ್ಲ, ಹೋಗುವುದನ್ನಾದರೂ ಬಿಡಬಾರದು ಅಂತ ಹೋಗುತ್ತಲೇ ಇದ್ದೆ. ಒಂದು ತಿಂಗಳಿಗೆ ನೋವು ಎಡಗಾಲಿಗೆ ಇಳಿಯಿತು. ಆಮೇಲೆ ಹೆಬ್ಬೆರಳು ಜೋಮು ಹಿಡಿಯಿತು.

ಹೇಳಬಾರದು ಅನ್ನಿಸಿದ್ದರೂ ಇದನ್ನು ಹೇಳುತ್ತೇನೆ. ಆ ಕ್ಲಿನಿಕ್‌ನವರು ಪ್ರತಿ ಸಲ ‘ಹೇಗಿದೆ?’ ಅಂತ ಕೇಳುತ್ತಿದ್ದರು. ಪ್ರತಿ ಸಲ ‘ಪರವಾಗಿಲ್ಲ’ ಅಂದೆ. ಮಗುವಿನ ಲಸಿಕೆಗೆ ಸೇನಾ ಆಸ್ಪತ್ರೆಗೆ ಹೋದಾಗ ನರ್ಸ್ ‘ನಿನ್ನ ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು?’ ಅಂದಳು. ಮೂರು ಅಂದೆ. ಹಿಂದಿನ ರಾತ್ರಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿದ್ದೆ. ನಮ್ಮಲ್ಲಿ ಹಾಗೆ ಹೇಳುವುದೇ ಮರ್ಯಾದೆ, ಅಲ್ವಾ? ಮುಖ ನೋಡಿ ಅತ್ತೆಗೋ ಅಕ್ಕನಿಗೋ ಗೊತ್ತಾಗುತ್ತದೆ, ‘ಸುಮ್ನಿರು, ಮಲಗು’ ಅಂತ ಗದರುತ್ತಾರೆ. ಅಲ್ಲಿ ಮುಖ ಯಾರೂ ಓದುವುದಿಲ್ಲ. ನೀನು ಮೂರು ಅಂದರೆ ಮೂರು ಅಂತಲೇ ಬರೆದುಕೊಳ್ಳುತ್ತಾರೆ.

ವಿಡಿಯೋದಲ್ಲಿ ಅವರು ಬಂದರೆ ‘ಆರಾಮ ಇದ್ದೀನಿ’ ಅಂದೆ. ಯುದ್ಧಭೂಮಿಯಲ್ಲಿರುವ ಗಂಡನಿಗೆ ಸೊಂಟನೋವಿನ ಸುದ್ದಿ ಹೇಳುತ್ತಾರಾ? ಅಪ್ಪ ಗಡಿಯಲ್ಲಿದ್ದಾಗ ಅವ್ವ ಒಂದು ದಿನವೂ ಹೇಳಿದವಳಲ್ಲ. ಅವ್ವನಿಗೂ ‘ಆರಾಮ’ ಅಂದೆ. ಅವಳು ಅಂಟಿನ ಉಂಡಿ ಕಟ್ಟಿ ಕಳಿಸಿದ್ದಳು. ತಿಂದು, ಗಟ್ಟಿಯಾಗಿದ್ದೀನಿ ಅಂತ ಫೋಟೋ ಕಳಿಸಿದೆ.

ಒಂದು ಬೆಳಿಗ್ಗೆ ಎಡಪಾದ ಮೇಲೆತ್ತಲು ಆಗಲಿಲ್ಲ, ಚಪ್ಪಲಿ ಜಾರಿ ಬಿತ್ತು. ಮಗು ಕೈಯಲ್ಲಿತ್ತು. ಸ್ಕ್ಯಾನ್ ಮಾಡಿದರೆ ಡಿಸ್ಕ್ ಜಾರಿ ನರ ಒತ್ತಿತ್ತು. ಆಪರೇಷನ್ ಆಯಿತು. ಬೇಗ ಬಂದಿದ್ದರೆ ನರ ಉಳಿಯುವ ಅವಕಾಶ ಜಾಸ್ತಿ ಇತ್ತು ಅಂದರು ಡಾಕ್ಟರ್. ಇವತ್ತಿಗೂ ಆ ಹೆಬ್ಬೆರಳಿಗೆ ಸ್ಪರ್ಶ ಇಲ್ಲ. ದೇವರಮನೆಯ ಹೊಸ್ತಿಲು ದಾಟುವಾಗ ಕೆಳಗೆ ನೋಡಿಕೊಂಡೇ ದಾಟುತ್ತೇನೆ. 1,200 ಡಾಲರ್ ಎಂದೋ ಮರೆತೆ. ಆ ‘ಮೂರು’ ಮರೆಯಲು ಆಗಿಲ್ಲ.

ಅದಕ್ಕೆ ನೀನು ಮೊದಲು ಪಿಸಿಎಂಗೆ ಫೋನ್ ಮಾಡು. ಹೆರಿಗೆಯಾಗಿ ನಾಲ್ಕು ತಿಂಗಳು, ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಇಳಿಯುತ್ತದೆ, ಯಾವ ಕೆಲಸ ಮಾಡಲು ಆಗುತ್ತಿಲ್ಲ, ಎಲ್ಲ ಹೇಳು. ಕಾಲಿನಲ್ಲಿ ಶಕ್ತಿ ಕಡಿಮೆಯಾದರೆ, ತೊಡೆ ಸಂದಿಯಲ್ಲಿ ಜೋಮು ಬಂದರೆ, ಮೂತ್ರ ಮಲ ಹಿಡಿತ ತಪ್ಪಿದರೆ ಅಪಾಯಿಂಟ್‌ಮೆಂಟ್ ಕಾಯಬೇಡ, ಆ ಕ್ಷಣವೇ ಎಮರ್ಜೆನ್ಸಿಗೆ ಹೋಗು. ಫಿಸಿಕಲ್ ಥೆರಪಿ ಕೇಳಿ ಪಡೆ. ಅದಾದ ಮೇಲೂ ಕೈರೋಪ್ರ್ಯಾಕ್ಟರ್ ಬೇಕು ಅನ್ನಿಸಿದರೆ ಡಾಕ್ಟರನ್ನು ಕೇಳಿಕೊಂಡು ಹೋಗು. ಒಂದೊಂದು ಸಲಕ್ಕೆ ದುಡ್ಡು ಕೊಡು, ಪ್ಯಾಕೇಜಿಗೆ ಸಹಿ ಹಾಕಬೇಡ. ಕತ್ತು ತಿರುಗಿಸಿ ಲಟಕ್ ಅನ್ನಿಸಲು ಬಿಡಬೇಡ. ಅಪರೂಪಕ್ಕೆ ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ಆದದ್ದಿದೆ. ಸೊಂಟದ ನೋವಿಗೆ ಕತ್ತು ಯಾಕೆ?

ಮಿಲಿಟರಿ ಒನ್‌ಸೋರ್ಸ್ ಅನ್ನುವ ಸೇವೆ ಸೈನಿಕರ ಮನೆಯವರಿಗೂ ಉಚಿತ, ರಾತ್ರಿ ಹಗಲು ಇರುತ್ತದೆ. ಯಾರೂ ಇಲ್ಲ ಅನ್ನಿಸಿದ ರಾತ್ರಿ ಅಲ್ಲಿಗೆ ಫೋನ್ ಮಾಡು.

ಇವತ್ತು ಅಮ್ಮನಿಗೆ ಹೇಳು. ಗಾಬರಿಯಾಗಲಿ. ಅಪಾಯಿಂಟ್‌ಮೆಂಟ್ ಯಾವ ದಿನ, ಎಷ್ಟು ಹೊತ್ತಿಗೆ ಅಂತ ನನಗೂ ತಿಳಿಸು. ಆ ಹೊತ್ತಿಗೆ ಫೋನ್ ಹಿಡಿದು ಕೂತಿರುತ್ತೇನೆ. ನರ್ಸ್ ನೋವಿನ ನಂಬರ್ ಕೇಳಿದಾಗ ಸ್ಪೀಕರ್ ಹಾಕಿ ಕನ್ನಡದಲ್ಲೇ ಹೇಳು, ನಾನು ಅವರಿಗೆ ಹೇಳುತ್ತೇನೆ.